ಸವೆದ ಗುಳ

ನಾಸಿಕ್‌ನಲ್ಲಿ ಬಹುಕಾಲ ಲೋಹಶಾಸ್ತ್ರ ಕಲಿಸಿದ್ದ ಮೃಣಾಲಿನಿ ಪ್ರಾಧ್ಯಾಪಕ ಹುದ್ದೆಯ ಸಂದರ್ಶನಕ್ಕೆ ಸಂಭಾಜಿನಗರಕ್ಕೆ ಬಂದಿದ್ದಳು. ಕಪ್ಪು ಮಣ್ಣಿನಲ್ಲಿ ನೇಗಿಲ ಗುಳ ಸವೆಯುವ ಬಗೆಯೇ ಅವಳ ಸಂಶೋಧನೆ ಎಂದು ಕೇಳಿ ಸಮಿತಿಯವರು ನಕ್ಕರು.

ಚಹಾದ ಬಿಡುವಿನಲ್ಲಿ ಸಮಿತಿಯ ಸುಧೀರ ಹತ್ತಿರ ಬಂದರು. ಅವರೂ ಅವಳಂತೆ ಧಾರವಾಡದ ಕಡೆಯವರು.

"ನೋಡ್ರಿ ಮೇಡಂ, ಮುಂದ ವಿಮಾನದ ಲೋಹದ ಮ್ಯಾಲ ಕೆಲಸಾ ಮಾಡ್ತೀನಿ ಅಂದುಬಿಡ್ರಿ. ಹುದ್ದೆ ನಿಮ್ಮದ. ಗುಳಾ ಕಮ್ಮಾರ ನೋಡ್ಕೋತಾನ."

"ವಿಮಾನ ನೋಡ್ಲಿಕ್ಕೆ ಭಾಳ ಮಂದಿ ಇದ್ದಾರ್ರಿ, ಸರ್. ಗುಳಾ ಯಾರು ನೋಡ್ಯಾರ?"

"ಇಷ್ಟು ಹಟಾ ಛಲೋ ಅಲ್ರಿ."

"ಇರಲಿ ಬಿಡ್ರಿ, ಹಟಾನ ಅನ್ರಿ."

ಮತ್ತೆ ಒಳಗೆ ಕರೆದಾಗ ಅವಳು ಚೀಲದಿಂದ ಸವೆದ ಗುಳವೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ಅಂಟಿದ್ದ ಮಣ್ಣು ಮೇಜಿನ ಗಾಜಿನ ಮೇಲೆ ಉದುರಿತು.

"ಹುದ್ದೆ ಕೊಟ್ಟರೂ ಕೊಡದಿದ್ದರೂ ನನ್ನ ಕೆಲಸ ಇದರ ಮೇಲೆಯೇ."

ಈ ಸಲ ಯಾರೂ ನಗಲಿಲ್ಲ, ಹುದ್ದೆಯೂ ಸಿಗಲಿಲ್ಲ. ಮರಳುವ ದಾರಿಯಲ್ಲಿ ಅವಳು ವೈಜಾಪುರದಲ್ಲಿ ಇಳಿದಳು. ಅಲ್ಲಿನ ರೈತರು ಅವಳಿಗಾಗಿ ಈ ಹಂಗಾಮಿನಲ್ಲಿ ಸವೆದ ಗುಳಗಳನ್ನು ತೆಗೆದಿಟ್ಟಿದ್ದರು.