ಮರಳ ದಿಬ್ಬದಲ್ಲಿ ನಿಲ್ಲುವವನು

ಊರಿಗೆ ಊರೇ ಸೂತಕ ಬಿಟ್ಟಿತು, ನನ್ನ ಗಂಡ ಪೆನಾಯ ಮಾತ್ರ ಬಿಡಲಿಲ್ಲ. ಮಗ ಸಿರೆಲಿ ಸತ್ತು ನೂರನೆಯ ರಾತ್ರಿ ಕಳೆದ ಮೇಲೆ ಹೆಂಗಸರು ಕಪ್ಪು ಬಟ್ಟೆ ಮಡಿಸಿಟ್ಟರು, ಗಂಡಸರು ಗಡ್ಡ ಬೋಳಿಸಿಕೊಂಡು ಮೀನಿಗೆ ಹೊರಟರು. ಇವನು ಬಾಗಿಲ ಪಕ್ಕ ಗಡ್ಡ ಬಿಟ್ಟುಕೊಂಡು ಕೂತೇ ಇದ್ದ. ಎದುರಿಗೆ ಅವನೇ ಕೆತ್ತಿದ ಆ ಪುಟ್ಟ ದೋಣಿ. ಅದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ದೊಡ್ಡ ದೋಣಿಯಲ್ಲಿ ಒಂದು ಮಾರು ಇದ್ದದ್ದು ಅವನ ಪುಟ್ಟ ದೋಣಿಯಲ್ಲಿ ಒಂದು ಗೇಣು. ಅಳತೆಯಲ್ಲಿ ಕೂದಲೆಳೆಯ ವ್ಯತ್ಯಾಸವೂ ಇರಕೂಡದು. ವೆಸಿ ಮರದ ಒಡಲು, ಪಕ್ಕಕ್ಕೆ ಚಾಚಿದ ತೇಲುಮರ, ಎಲ್ಲವನ್ನೂ ತೆಂಗಿನ ನಾರಿನ ಹುರಿಯಿಂದಲೇ ಕಟ್ಟಬೇಕು. ಒಂದು ಮೊಳೆ ಕಂಡರೂ ಅವನ ಅಜ್ಜಂದಿರು ಗೋರಿಯಿಂದ ಎದ್ದು ಬರುತ್ತಾರಂತೆ. ಹಾಯಿ ಮಾತ್ರ ನನ್ನ ಪಾಲು. ಕೇದಗೆ ಎಲೆಯನ್ನು ದಾರದಷ್ಟು ಸಣ್ಣಗೆ ಸೀಳಿ ನೇಯಬೇಕು. ಹಡಗಿನಲ್ಲಿ ಬರುವ ಪರವೂರಿನವರು ಕೊಂಡುಹೋಗಿ ಗಾಜಿನ ಕಪಾಟಿನಲ್ಲಿಡುತ್ತಾರೆ. ಆದರೂ ನೀರಿನಲ್ಲಿ ಓಡಿ ತೋರಿಸದ ದೋಣಿಯನ್ನು ಪೆನಾಯ ಯಾರಿಗೂ ಕೊಟ್ಟವನಲ್ಲ.

ಆ ಓಟಕ್ಕೆ ಇಬ್ಬರು ಬೇಕು. ನಮ್ಮ ದೋಣಿಗೆ ಹಿಂದು ಮುಂದು ಅಂತ ಇಲ್ಲ. ತೇಲುಮರ ಯಾವಾಗಲೂ ಗಾಳಿ ಬರುವ ಕಡೆಗೇ ಇರಬೇಕು, ಅದಕ್ಕೆ ದೋಣಿಯನ್ನು ತಿರುಗಿಸುವ ಹಾಗಿಲ್ಲ. ವಾಪಸು ಬರಬೇಕೆಂದರೆ ಹಾಯಿಯ ಕಾಲನ್ನು, ಅಂದರೆ ಅದರ ಕೆಳಮೂಲೆಯನ್ನು, ಈ ತುದಿಯಿಂದ ಎತ್ತಿ ಆ ತುದಿಗೆ ಒಯ್ದು ಊರಬೇಕು. ಆಗ ಹಿಂದಿದ್ದದ್ದೇ ಮುಂದಾಗುತ್ತದೆ. ಪುಟ್ಟ ದೋಣಿಯೊಳಗೆ ಆ ಕೆಲಸ ಮಾಡಲು ಜನ ಎಲ್ಲಿ? ಪೆನಾಯ ದಡದಿಂದ ಬಿಡುತ್ತಿದ್ದ. ಸಿರೆಲಿ ಎದುರಿನ ಮರಳ ದಿಬ್ಬದಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು ಹಿಡಿದು, ಹಾಯಿ ಬದಲಿಸಿ, ವಾಪಸು ಅಟ್ಟುತ್ತಿದ್ದ. ಹಾಲುಹಲ್ಲು ಬೀಳುವ ವಯಸ್ಸಿನಿಂದ ಮೀಸೆ ಬಂದ ಮೇಲೂ ಆ ದಿಬ್ಬ ಅವನದೇ ಆಗಿತ್ತು.

ಅವನು ಹೋದದ್ದೂ ದೋಣಿಯಲ್ಲೇ. ಓಂಗೆಯ ದ್ವೀಪದಲ್ಲಿರುವ ನನ್ನ ತಂಗಿಯ ಮನೆಯ ಔತಣಕ್ಕೆ ಚಾಪೆ ಮುಟ್ಟಿಸಬೇಕಿತ್ತು. ಅಪ್ಪ ಮಗ ಇಬ್ಬರೂ ಹೋಗುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಹಡಗು ಬರುವ ಸುದ್ದಿ ಬಂತು. ಸಿರೆಲಿ ಓಡಿಸುತ್ತಿದ್ದ ದೊಡ್ಡ ದೋಣಿಯಂಥದ್ದೇ ಪುಟ್ಟದೊಂದು ಬೇಕೆಂದು ಹಡಗಿನವರಲ್ಲಿ ಯಾರೋ ಕೇಳಿದ್ದರು, ಅದಿನ್ನೂ ಮುಗಿದಿರಲಿಲ್ಲ.

"ಗಾಳಿ ನೆಟ್ಟಗಿದೆ. ನೀನೊಬ್ಬನೇ ಹೋಗಿ ಬಾ, ದಾರೀಲಿ ಹಾಯಿ ಬದಲಿಸೋ ಕೆಲಸ ಬೀಳಲ್ಲ," ಎಂದ ಪೆನಾಯ. ನಾನು ಒಲೆಯ ಹತ್ತಿರ ಕೂತು ಕೇಳಿಸಿಕೊಂಡೆ.

ನಡುದಾರಿಯಲ್ಲಿ ಗಾಳಿ ತಿರುಗಿತು. ಒಬ್ಬನೇ ಹುಡುಗ ಚುಕ್ಕಾಣಿ ಹಿಡಿಯಬೇಕೋ, ಹಾಯಿ ಹೊರಬೇಕೋ? ತೇಲುಮರ ಗಾಳಿಯ ಆಚೆ ಮಗ್ಗುಲಿಗೆ ಬಿತ್ತು, ದೋಣಿ ಮಗುಚಿತು. ಮಗನನ್ನು ಓಂಗೆಯದವರೇ ತಂದು ಕೊಟ್ಟರು. ಚರ್ಚಿನ ಹಿಂದೆ ಮಣ್ಣು ಮಾಡಿದೆವು.

ನಮ್ಮಲ್ಲಿ ಗಂಡ ಹೆಂಡಿರು ಹೆಸರು ಹಿಡಿದು ಕರೆಯುವುದಿಲ್ಲ. ಅವನು ಸಿರೆಲಿ ಅಪ್ಪ, ನಾನು ಸಿರೆಲಿ ಅಮ್ಮ. ಈಗ ಆ ಹೆಸರು ಬಾಯಿಗೆ ಬಾರದೆ ಇಬ್ಬರೂ "ಏಯ್", "ಇಲ್ಲಿ ನೋಡು" ಎನ್ನುತ್ತಾ ದಿನ ದೂಡಿದೆವು. ಒಂದು ದಿನ ಅವನು, "ಏಯ್, ಇದಕ್ಕೊಂದು ಹಾಯಿ ನೇಯ್ದು ಕೊಡು," ಎಂದ.

"ಯಾವ ಬಾಯಲ್ಲಿ ಕೇಳ್ತೀಯ? ಆ ಆಟದ ಸಾಮಾನಿಗೆ ಮಗನ್ನೇ ಕೊಟ್ಟಾಯ್ತು, ಇನ್ನು ಹಾಯೀನೂ ಬೇಕಾ?"

ಅವನು ಜಗಳಕ್ಕೆ ಬರಲಿಲ್ಲ. "ಅದು ಒಂದ್ಸಲ ನೀರಲ್ಲಿ ಓಡೋ ತನಕ ನಾನು ಗಡ್ಡ ತೆಗೆಯಲ್ಲ," ಎಂದು ಗೋಡೆಯ ಕಡೆ ತಿರುಗಿದ. ಊಟವನ್ನೂ ಬಿಡುತ್ತಾ ಬಂದ. ಹೊಟ್ಟೆ ಬೆನ್ನಿಗೆ ಹತ್ತಿತು. ಆದರೂ ನನ್ನ ಮನಸ್ಸು ಕರಗಲಿಲ್ಲ.

ಕಂಬಾರ ದ್ವೀಪದಿಂದ ನನ್ನ ಅಣ್ಣ ಅಸೆಸೆಲ ಬಂದ. ಭಾವಂದಿರ ನಡುವಿನ ಚೇಷ್ಟೆ ನಮ್ಮಲ್ಲಿ ಸಾವಿನ ಮನೆಯಲ್ಲೂ ನಿಲ್ಲದು.

"ಏನ್ ಭಾವ, ಗಡ್ಡದೊಳಗೆ ಏಡಿ ಸಾಕಿದ್ದೀಯಾ? ಎರಡು ಹಿಡಿದು ಕೊಡು, ಸಂಜೆ ಸಾರಿಗಾಗುತ್ತೆ."

ಅಸೆಸೆಲ ಪುಟ್ಟ ದೋಣಿಯನ್ನು ಎತ್ತಿ ಹಿಡಿದ.

"ಇದೇನಪ್ಪ, ದೋಣಿಯೋ, ಹಂದಿಗೆ ಮುಸುರೆ ಹಾಕೋ ಮರಿಗೆಯೋ? ಕಂಬಾರದಲ್ಲಿ ಇಂಥದ್ದನ್ನ ಒಲೆಗೆ ಹಾಕ್ತೀವಿ."

ಬೇರೆ ದಿನವಾಗಿದ್ದರೆ ಪೆನಾಯ ಅವನ ವಂಶವನ್ನೆಲ್ಲ ಜಾಲಾಡುತ್ತಿದ್ದ. ಈಗ "ಹಾಕಿಬಿಡು" ಎಂದ. ಅಸೆಸೆಲನ ಮುಖ ಸಪ್ಪಗಾಯಿತು.

ನಮ್ಮಲ್ಲಿ ಅಣ್ಣ ತಂಗಿ ದೊಡ್ಡವರಾದ ಮೇಲೆ ನೇರವಾಗಿ ಮಾತಾಡುವಂತಿಲ್ಲ. ಅವನು ಅಂಗಳಕ್ಕೆ ಬಂದು, ದೀವಿಹಲಸಿನ ಮರದ ಕೆಳಗೆ ಮಲಗಿದ್ದ ನಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ನನಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದ: "ನೋಡು ಮರಿ, ಬೈದ್ರೂ ತಿರುಗಿ ಬೈಯದ ಮನುಷ್ಯ ಹೆಚ್ಚು ದಿನ ಉಳಿಯಲ್ಲ. ಈ ಮನೆಯವರಿಗೆ ಒಂದು ಗೋರಿ ಸಾಲ್ದು ಅಂತ ಕಾಣುತ್ತೆ."

ನಾಯಿ ಬಾಲ ಆಡಿಸಿತು. ನನಗೆ ಕೆನ್ನೆಗೆ ಹೊಡೆದಂತಾಯಿತು.

ಮರುದಿನ ಬೆಳಿಗ್ಗೆ ಕೇದಗೆ ಎಲೆ ಸೀಳಲು ಕೂತೆ. ಬೈಯುತ್ತಾ ನೇಯ್ದೆ, ಅಳುತ್ತಾ ನೇಯ್ದೆ. ಮುಗಿದ ಮೇಲೆ ಅವನ ಮಡಿಲಿಗೆ ಎಸೆದು, ಅವನು ಅದನ್ನು ಕಟ್ಟುವಷ್ಟರಲ್ಲಿ ಸುತ್ತುಹಾದಿಯಲ್ಲಿ ಮರಳ ದಿಬ್ಬಕ್ಕೆ ಹೋಗಿ ನಿಂತೆ. ಯಾಕೆ ಹೋದೆ ಎಂದು ಕೇಳಬೇಡಿ. ಆ ಜಾಗ ಖಾಲಿ ಇರುವುದನ್ನು ದಡದಲ್ಲಿ ನಿಂತು ನೋಡಲು ನನ್ನ ಕೈಲಿ ಆಗುತ್ತಿರಲಿಲ್ಲ.

ಪೆನಾಯ ದೋಣಿ ಎತ್ತಿಕೊಂಡು ಬಂದ. ತಲೆ ಎತ್ತದೆ ಅದನ್ನು ನೀರಿಗಿಟ್ಟು ಕೈಬಿಟ್ಟ. ಯಾರೂ ಹಿಡಿಯದಿದ್ದರೆ ಅದು ದಿಬ್ಬದ ಪಕ್ಕ ಹಾದು ನೇರ ಕಡಲಿಗೇ ಹೋಗುತ್ತದೆ. ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಬಿಟ್ಟಿದ್ದ.

ನಾನು ಹಿಡಿದೆ. ಹಿಡಿದು, ಮಗುವಿನ ಭುಜ ಹಿಡಿದು ಮನೆಯ ಕಡೆ ತಿರುಗಿಸಿದ ಹಾಗೆ ಅದನ್ನು ತಿರುಗಿಸಿ ಬಿಟ್ಟೆ. ಹುಟ್ಟಿದಾಗಿನಿಂದ ದೋಣಿ ಕಂಡವಳು ನಾನು. ಆದರೆ ಚಾಪೆಗಳ ಜೊತೆ ಕೂತು ಬರುವ ಹೆಂಗಸಿನ ಕೈಗೆ ಯಾರು ಹಾಯಿ ಕೊಡುತ್ತಾರೆ? ತೇಲುಮರ ಗಾಳಿಯ ಆಚೆ ಮಗ್ಗುಲಿಗೆ ಹೋಯಿತು. ದೋಣಿ ವಾಲಿ, ನಾನು ನೇಯ್ದ ಹಾಯಿ ನೀರಿನ ಮೇಲೆ ಅಂಗಾತ ಬಿತ್ತು. ನನ್ನ ಮಗ ಹೀಗೆಯೇ ಹೋದ ಎಂದು ಆಗ ಕಣ್ಣಾರೆ ಕಂಡೆ.

"ಸಿರೆಲಿ ಅಮ್ಮಾ," ಎಂದು ದಡದಿಂದ ಕೂಗು ಬಂತು. "ಹಾಗಲ್ಲ, ತಿರುಗಿಸಬಾರದು!"

ನೀರು ಸೀಳಿಕೊಂಡು ಬಂದ. ಗಡ್ಡದ ತುಂಬ ನೀರು, ಕಡಲಿನದೆಷ್ಟೋ ಕಣ್ಣಿನದೆಷ್ಟೋ. ದೋಣಿಯನ್ನು ನೆಟ್ಟಗೆ ಮಾಡಿ, "ನೀನು ಈ ತುದಿ ಹಿಡ್ಕೋ," ಎಂದ. ಹಾಯಿಯ ಕಾಲನ್ನು ಎತ್ತಿ ಆಚೆ ತುದಿಗೆ ಒಯ್ದು ಊರಿದ. "ಇಷ್ಟೇ ಕೆಲಸ. ಇನ್ನೊಬ್ಬ ಇದ್ದಿದ್ರೆ ಇಷ್ಟೇ ಕೆಲಸ ಕಣೆ."

"ಗೊತ್ತು, ಸಿರೆಲಿ ಅಪ್ಪ," ಎಂದೆ. ಅವನನ್ನು ಕ್ಷಮಿಸಿದೆನೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಆ ತುದಿಯನ್ನು ಮಾತ್ರ ಬಿಡಲಿಲ್ಲ.

ಇಬ್ಬರೂ ಸೇರಿ ದೋಣಿಯನ್ನು ಅಟ್ಟಿದೆವು. ಅದು ನೆಟ್ಟಗೆ ಓಡಿ, ದಡದ ಮರಳಿಗೆ ತಾಗಿ ನಿಂತಿತು. ಈಗ ಆ ಕಡೆ ಯಾರೂ ಇರಲಿಲ್ಲ. ಯಾರಾದರೂ ಬಂದು ಹಾಯಿ ಬದಲಿಸಲೆಂದು ಅದು ಅಲ್ಲೇ ಪಟಪಟ ಬಡಿದುಕೊಳ್ಳುತ್ತಿತ್ತು. ಬಹಳ ಹೊತ್ತು ನೋಡಿದ ಮೇಲೆ ನಾವೇ ನಡೆದು ಹೋದೆವು.

ಸಂಜೆ ಅಸೆಸೆಲ ಕತ್ತಿ ಮಸೆದು ಅವನ ಗಡ್ಡ ತೆಗೆದ. ಇಷ್ಟು ಕಾಡು ಕಡಿದರೂ ಒಂದು ಏಡಿ ಸಿಗಲಿಲ್ಲವಲ್ಲ ಎಂದ. ಪೆನಾಯ ಅವನಿಗೆ ಬೈದ. ಅದು ಕೇಳಿಸಿದ ಮೇಲೆ ನಾನು ಒಳಗೆ ಹೋಗಿ, ಕೇದಗೆಯ ಸೀಳುಗಳ ನಡುವೆ ಕೂತು, ಮನಸ್ಸು ಬಿಚ್ಚಿ ಅತ್ತೆ.