ಸ್ವಪ್ನ ಬರೆದ ಎಂಟು ಹಾಳೆ

ಸ್ವಪ್ನ ತೀರಿಕೊಂಡ ಹನ್ನೆರಡನೇ ದಿನ ಅವಳ ಅಪ್ಪ ಕಾಮಣ್ಣ ಚಳ್ಳಕೆರೆಗೆ ಬಂದು ಹನುಮಂತರಾಯ ಮೇಷ್ಟ್ರ ಮನೆ ಬಾಗಿಲಲ್ಲಿ ನಿಂತ. ಡೆಂಗ್ಯೂ ಜ್ವರ ಐದೇ ದಿನಕ್ಕೆ ಹುಡುಗಿಯನ್ನು ಒಯ್ದಿತ್ತು. ಕುರಿ ಕಾಯುವ ಕಾಮಣ್ಣನ ಕೈಯಲ್ಲಿ ಅವಳು ಬರೆದಿಟ್ಟ ಎಂಟು ಹಾಳೆ ಇದ್ದವು.

“ಗುರುವಾರ ಕುದಾಪುರದ ವಿಜ್ಞಾನ ಸಂಸ್ಥೆಯಾಗೆ ಇವಳು ಭಾಷಣ ಮಾಡ್ಬೇಕಿತ್ತಂತೆ ಮೇಷ್ಟ್ರೆ. ನೀವು ಓದ್ರಿ. ನಾನು ಕೇಳ್ಬೇಕು.”

ಹೈಸ್ಕೂಲಿನಲ್ಲಿ ಅವಳಿಗೆ ವಿಜ್ಞಾನ ಕಲಿಸಿದವರು ಹನುಮಂತರಾಯರೇ. ಎಂ.ಎಸ್ಸಿ. ಸೇರಿದ ಮೇಲೆ ಒಮ್ಮೆ ಬಂದವಳು, “ಕಪ್ಪುಕುಳಿ ಎಲ್ಲಾನೂ ಎಳೆದು ನುಂಗ್ತದೆ ಅಂತ ಹೇಳಿಕೊಟ್ಟಿದ್ರಿ ಸಾರ್. ಹಂಗೇನಿಲ್ಲ, ದೂರ ಇದ್ರೆ ಸುಮ್ನೆ ಸುತ್ತುತಾ ಇರಬೋದು,” ಎಂದು ನಕ್ಕಿದ್ದಳು. ಶಿಷ್ಯೆಯಿಂದ ತಿದ್ದಿಸಿಕೊಂಡ ಖುಷಿಗೆ ಅವರು ಅವತ್ತು ಎರಡು ಸಲ ಟೀ ಮಾಡಿಸಿದ್ದರು.

ಗುರುವಾರ ಸಭಾಂಗಣದ ಮುಂದಿನ ಸಾಲಿನಲ್ಲಿ ಕಾಮಣ್ಣ ಕಂಬಳಿಯನ್ನು ಮಡಿಲಲ್ಲಿಟ್ಟುಕೊಂಡು ಕೂತ. ಮೇಷ್ಟ್ರು ಓದುತ್ತಾ ಐದನೇ ಹಾಳೆಗೆ ಬಂದರು. “ಗೆಲಾಕ್ಸಿಗಳು ಒಂದನ್ನೊಂದು ಬಿಟ್ಟು ಓಡುತ್ತಿಲ್ಲ. ಕುರಿಗಳು ನಿಂತಲ್ಲೇ ಇವೆ, ನಡುವಿನ ಹುಲ್ಲಿನ ಕಾವಲೇ ಹಿಗ್ಗುತ್ತಿದೆ ಅಂದುಕೊಳ್ಳಿ. ಯಾರೂ ಹೆಜ್ಜೆ ಎತ್ತಿಡದೆಯೇ ದೂರ ಹೆಚ್ಚುತ್ತದೆ.”

ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದಿತ್ತು: ‘ಇಲ್ಲಿ ನಿಲ್ಲಿಸಿ ಅಪ್ಪನ ಮುಖ ನೋಡಬೇಕು. ತಿಳಿಯದಿದ್ದರೆ ಇನ್ನೊಮ್ಮೆ ಹೇಳಬೇಕು.’ ಮನೆಯಲ್ಲೇ ಅದನ್ನು ಕಂಡಿದ್ದ ಮೇಷ್ಟ್ರಿಗೆ ಏನು ಮಾಡುವುದೆಂದು ತೋಚಿರಲಿಲ್ಲ. ಈಗ ತಲೆ ಎತ್ತಿ ನೋಡಿದರು.

“ತಿಳೀಲಿಲ್ಲ ಮೇಷ್ಟ್ರೆ,” ಅಂದ ಕಾಮಣ್ಣ. “ಇನ್ನೊಂದ್ಸಲ ಓದ್ರಿ.”

ಓದಿದರು.

“ಇನ್ನೊಂದ್ಸಲ.”

ಮೂರನೇ ಸಲಕ್ಕೆ ಅವರು ನೀರು ಕುಡಿದು, ಒಂದೊಂದೇ ಮಾತು ಬಿಡಿಸಿ ಓದಿದರು. ಎಂಟೂ ಹಾಳೆ ಮುಗಿದ ಮೇಲೆ ಅಲ್ಲಿನ ಮಹಿಳಾ ವಿಜ್ಞಾನಿಯೊಬ್ಬರು, ಕೊನೆಯ ಸಮೀಕರಣ ಹೇಗೆ ಬಂತೆಂದು ಮೆಲ್ಲಗೆ ಕೇಳಿದರು.

“ನನಗೆ ಗೊತ್ತಿಲ್ಲಮ್ಮ,” ಅಂದರು ಹನುಮಂತರಾಯರು. “ಅವಳನ್ನೇ ಕೇಳಬೇಕಿತ್ತು.”

ಆಮೇಲೆ ಬಸ್ಸಿಗೆ ಕಾಯುತ್ತಾ ನಿಂತಾಗ ಕಾಮಣ್ಣನೇ ಬಾಯಿಬಿಟ್ಟ.

“ನಂಗೆ ಮೊದಲೇ ತಿಳಿದಿತ್ತು ಮೇಷ್ಟ್ರೆ. ಮನೆಯಾಗೆ ಎಷ್ಟೋ ಸಲ ಹೇಳಿದ್ಲು. ತಿಳೀಲಿಲ್ಲ ಅಂದ್ರೆ ಇನ್ನಷ್ಟು ಹೊತ್ತು ಪಕ್ಕದಾಗೆ ಕೂರೋಳು. ಅದ್ಕೇ ಹಂಗೆ ಅಂತಿದ್ದೆ.”

ಮೇಷ್ಟ್ರು ಅವನ ಭುಜದ ಮೇಲೆ ಕೈಯಿಟ್ಟುಕೊಂಡು, ಬಸ್ಸು ಬರುವವರೆಗೂ ಹಾಗೇ ನಿಂತರು.