ಹಿಡಿ ಉಪ್ಪಿನ ಚಿತ್ರ

ಕಡ್ಡಿರಾಂಪುರದ ತಿಪ್ಪಕ್ಕನ ಮನೆಯಲ್ಲಿ ಉಪ್ಪಿರಲಿಲ್ಲ. ಮಗ ಪಂಪೇಶನ ಕಿಡ್ನಿ ಸೋತಿದೆ, ಉಪ್ಪು ಮುಟ್ಟಿಸಬೇಡಿ ಎಂದು ಬಳ್ಳಾರಿಯ ಡಾಕ್ಟರು ಹೇಳಿದ ದಿನವೇ ಅವಳು ಉಪ್ಪಿನ ಭರಣಿಯನ್ನು ಎತ್ತಿಕೊಂಡು ಹೋಗಿ ಪಕ್ಕದ ದುರ್ಗಕ್ಕನ ಮನೆಯಲ್ಲಿಟ್ಟು ಬಂದಿದ್ದಳು. ಕಣ್ಣಿಗೆ ಕಂಡರೆ ಕೈ ಸುಮ್ಮನಿರುವುದಿಲ್ಲ ಎಂಬ ಭಯ. ಮಗನಿಗಿಲ್ಲದ್ದು ಉಳಿದವರಿಗೂ ಬೇಡವೆಂದು ಇಡೀ ಮನೆಗೇ ಸಪ್ಪೆ ಸಾರು, ಸಪ್ಪೆ ಪಲ್ಯ. ಹೋದ ಚಳಿಗಾಲದಲ್ಲಿ ಪಂಪೇಶ ತೀರಿಕೊಂಡ. ಭರಣಿ ಮಾತ್ರ ವಾಪಸ್ ಬರಲೇ ಇಲ್ಲ. ಹಂಪಿಯ ದಾರಿಯ ಹೋಟೆಲಿನಲ್ಲಿ ಇದೇ ತಿಪ್ಪಕ್ಕ ಅಡುಗೆಯವಳು. ನಾಲಿಗೆಗೆ ಹಚ್ಚದೆ ಕೈಯಳತೆಯಲ್ಲೇ ಉಪ್ಪು ಹಾಕುತ್ತಾಳೆ, ಒಂದು ದಿನವೂ ಹದ ತಪ್ಪಿಲ್ಲ.

ಆದರೆ ಹದಿನೇಳರ ಹುಡುಗ ಸಪ್ಪೆ ತಿಂದು ಎಷ್ಟು ದಿನ ಇದ್ದಾನು? ಪಂಪೇಶ ಇದ್ದಾಗ ತಟ್ಟೆ ಆಚೆ ನೂಕುತ್ತಿದ್ದ. ಹೊಟ್ಟೆಗೆ ಏನಾದರೂ ಹೋಗಲಿ ಎಂದು ತಿಪ್ಪಕ್ಕ ಸಂಜೆ ಬರುವಾಗ ಎರ್ರೆಮ್ಮನ ಅಂಗಡಿಯಿಂದ ಟೊಮೆಟೊ ಚಿಪ್ಸಿನ ಕೆಂಪು ಪ್ಯಾಕೆಟ್ ತರುತ್ತಿದ್ದಳು. ಅವಳ ಪಾಲಿಗೆ ಉಪ್ಪೆಂದರೆ ಭರಣಿಯಲ್ಲಿರುವುದು, ಕೈಯಿಂದ ಹಾಕುವುದು. ಓದು ಬಾರದವಳಿಗೆ ಪ್ಯಾಕೆಟ್ಟಿನ ಮೇಲೆ ಹಣ್ಣಿನ ಚಿತ್ರವಿತ್ತಲ್ಲ, ಇನ್ನೇನು ಬೇಕು? ತಾನು ಒಂದು ಚೂರನ್ನೂ ಬಾಯಿಗೆ ಹಾಕಿಕೊಂಡವಳಲ್ಲ. ಉಪ್ಪಿಗಿಂತ ರುಚಿ ಇಲ್ಲ, ತಾಯಿಗಿಂತ ಬಂಧು ಇಲ್ಲ ಅನ್ನುತ್ತಾರೆ. ಆ ಗಾದೆ ಕಟ್ಟಿದವರು ಈ ಮನೆಯೊಳಗೆ ಕಾಲಿಟ್ಟಿರಲಿಲ್ಲ.

ಪಂಪೇಶ ಓದಿದವನು. ಒಮ್ಮೆ ಪ್ಯಾಕೆಟ್ ತಿರುವಿ, ಹಿಂದಿನ ಇರುವೆಯಂಥ ಅಕ್ಷರಗಳನ್ನು ತಂಗಿ ಸುಧಾರಾಣಿಗೆ ತೋರಿಸಿದ್ದ. "ಉಪ್ಪು ಐತಿ ನೋಡು. ಅವ್ವಗ ಹೇಳಬ್ಯಾಡಲೇ. ನನಗ ಉಳದಿರೋದು ಇದೊಂದ ರುಚಿ." ಖಾಲಿ ಪ್ಯಾಕೆಟ್‌ಗಳನ್ನು ಮಡಚಿ ಗೋಡೆಗೂ ಮಾಡಿನ ತಗಡಿಗೂ ನಡುವಿನ ಸಂದಿಯಲ್ಲಿ ತುರುಕುತ್ತಿದ್ದ. ಸುಧಾ ಹೇಳಲಿಲ್ಲ. ಅಣ್ಣ ನಗುತ್ತಿದ್ದದ್ದು ಆ ಪ್ಯಾಕೆಟ್ ಕೈಯಲ್ಲಿದ್ದಾಗ ಮಾತ್ರ. ಅವನು ಹೋದ ಮೇಲೆ ಒಂದನ್ನೂ ಬಿಡದೆ ಸಂದಿಯಿಂದ ಎಳೆದು ಸುಟ್ಟಳು. ಆದರೂ ಮಧ್ಯಾಹ್ನ ಒಬ್ಬಳೇ ಓದುತ್ತ ಕೂತಾಗ ಮೇಲಿಂದ ಚರಚರ ಸದ್ದು ಬರುತ್ತಿತ್ತು. ತಗಡು ಕಾದ ಸದ್ದು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಮೋಡ ಕವಿದ ದಿನವೂ ಬರುತ್ತಿತ್ತು.

ಸುಧಾಳ ಹತ್ತನೇ ತರಗತಿಗೆ ವಿಜ್ಞಾನದ ನಾಗೇಂದ್ರಪ್ಪ ಮೇಷ್ಟ್ರು ಒಂದು ಪ್ರಯೋಗ ಕೊಟ್ಟರು. ಅಂಗಡಿಯ ಪ್ಯಾಕೆಟ್‌ಗಳ ಮೇಲೆ ಎಚ್ಚರಿಕೆಯ ಚೀಟಿ ಅಂಟಿಸಿ, ಹುಡುಗರು ಏನು ಕೊಳ್ಳುತ್ತಾರೆ, ಏನು ಬಿಡುತ್ತಾರೆ ನೋಡಬೇಕು. "ಓದಾಕ ಬರದೋರಿಗೂ ತಿಳಿಯಂಗಿರಬೇಕು ನೋಡ್ರಿ," ಎಂದರು. ಸುಧಾ ಕರಿ ವೃತ್ತದೊಳಗೆ ಒಂದು ಮುಷ್ಟಿ ಬರೆದಳು. ಬೆರಳ ಸಂದಿಯಿಂದ ಬಿಳಿ ಉಪ್ಪು ಸುರಿಯುತ್ತಿತ್ತು. ಚಿತ್ರ ಭಾಳ ಚೆನ್ನಾಗಿದೆ ಎಂದು ಎಲ್ಲರೂ ಹೊಗಳಿದರು. ಎರ್ರೆಮ್ಮ ಮೊದಲು ಗೊಣಗಿ, ಆಮೇಲೆ ಒಪ್ಪಿದಳು.

ಪ್ರಯೋಗದ ಫಲ ಏನೆಂದು ಕೇಳಬೇಡಿ. ಚಿಕ್ಕವರು ಒಂದೆರಡು ದಿನ ಹೆದರಿ ಕಡಲೆ ಚಿಕ್ಕಿ ಕೊಂಡರು. ದೊಡ್ಡವರಿಗೆ ಅದೇ ಆಟವಾಯಿತು. ಸುಧಾಳ ಕ್ಲಾಸಿನ ಪ್ರವೀಣ ಚೀಟಿಯಿದ್ದದ್ದನ್ನೇ ಆರಿಸಿ, "ಉಪ್ಪು ತಿಂದೋನು ನೀರು ಕುಡೀಲೇಬೇಕು, ಒಂದು ಕೋಲ್ಡ್ರಿಂಕ್ಸೂ ಕೊಡಬೇ!" ಎಂದ. ಎಲ್ಲರೂ ನಕ್ಕರು. ಸುಧಾ ಅವನ ಮುಖ ನೋಡಿದಳು. ಗೊತ್ತಿದ್ದೂ ತಿನ್ನುವವನ ನಗು ಅವಳಿಗೆ ಗುರುತಿತ್ತು. ಅಣ್ಣನೇ ಅಲ್ಲಿ ನಿಂತಂತಾಯಿತು.

ಅಷ್ಟರಲ್ಲಿ ಮಹಾನವಮಿ ಅಮಾವಾಸ್ಯೆ ಬಂತು. ಹಿರಿಯರಿಗೆ ಎಡೆ ಇಡುವ ದಿನ. ಸತ್ತವರಿಗೆ ಏನು ಇಷ್ಟವೋ ಅದನ್ನು ಎಲೆಗೆ ಬಡಿಸಿ, ಬಾಗಿಲು ಮುಚ್ಚಿ ಹೊರಗೆ ಕೂರಬೇಕು. ಅವರು ಬಂದು ಉಂಡು ಹೋದ ಮೇಲೆ ಒಳಗೆ ಹೋಗಿ ಮನೆಯವರು ಅದನ್ನೇ ತಿನ್ನಬೇಕು. ಬಿಡುವಂತಿಲ್ಲ. ಪಂಪೇಶನಿಗೆ ಏನಿಷ್ಟ ಎಂದು ಯಾರನ್ನು ಕೇಳಬೇಕು? ಅವ್ವ ಆ ಚಿಪ್ಸನ್ನೇ ತರುತ್ತಾಳೆಂದು ಹೊಳೆದದ್ದೇ ತಡ, ಚೀಟಿ ಕಿತ್ತ ಪ್ಯಾಕೆಟ್ಟೊಂದನ್ನು ತಾನೇ ತರೋಣವೆಂದು ಸುಧಾ ಎರ್ರೆಮ್ಮನ ಅಂಗಡಿಗೆ ಓಡಿದಳು.

"ಈಗರ ಒಯ್ದಳಲ್ಲವ್ವ ನಿಮ್ಮವ್ವ," ಎಂದಳು ಎರ್ರೆಮ್ಮ.

ಮನೆಗೆ ಬಂದಾಗ ತಿಪ್ಪಕ್ಕ ಹೋಳಿಗೆ, ಸಪ್ಪೆ ಸಾರು ಬಡಿಸಿ, ಪ್ಯಾಕೆಟ್ಟನ್ನು ಕಣ್ಣ ಹತ್ತಿರ ಹಿಡಿದು ಕೂತಿದ್ದಳು.

"ಸುಧಾ, ಇದೇನ್ಲೇ ಹೊಸಾದು? ಕೈ ಐತಿ. ಬೆಳ್ಳಗ ಏನೋ ಉದುರಾಕ ಹತ್ತೈತಿ."

ಓದು ಬಾರದ ಅವ್ವನಂಥವರಿಗೆ ತಿಳಿಯಲೆಂದೇ ಬರೆದ ಚಿತ್ರ. ಈಗ ತಿಳಿದರೆ ಈ ಜೀವ ಉಳಿಯುವುದಿಲ್ಲ ಎನ್ನಿಸಿತು ಸುಧಾಳಿಗೆ.

"ಸಕ್ರಿ ಅವ್ವ."

"ಹೌದಾ? ಸಿಹಿ ಇರತೈತಿ ಅಂತ ನನಗ ಗೊತ್ತಽ ಇರಲಿಲ್ಲ ನೋಡು." ತಿಪ್ಪಕ್ಕ ಪ್ಯಾಕೆಟ್ ಹರಿದು ಎಲೆಯ ಮೇಲೆ ಸುರಿದಳು. ಖಾಲಿಯಾದದ್ದನ್ನು ಪಕ್ಕದಲ್ಲೇ ಇಟ್ಟು, ಊದಿನಕಡ್ಡಿ ಹಚ್ಚಿ ಹೊರಬಂದು ಬಾಗಿಲು ಎಳೆದುಕೊಂಡಳು.

ಇಬ್ಬರೂ ಹೊಸ್ತಿಲ ಹೊರಗೆ ಕೂತರು. ಗಾಳಿ ಇರಲಿಲ್ಲ. ಆಚೆ ಬಾಳೆ ತೋಟದಲ್ಲಿ ಒಂದೆಲೆಯೂ ಅಲ್ಲಾಡಲಿಲ್ಲ. ಒಳಗೆ ಚರಚರ ಎಂದಿತು. ಯಾರೋ ಅವಸರದಿಂದ ಪ್ಯಾಕೆಟ್ಟಿನ ತಳಕ್ಕೆ ಕೈ ಹಾಕಿದ ಸದ್ದು. ಸುಧಾ ಅವ್ವನ ಮುಖ ನೋಡಿದಳು. ತಿಪ್ಪಕ್ಕ ನೆಲ ನೋಡುತ್ತಿದ್ದಳು.

ಸ್ವಲ್ಪ ಹೊತ್ತಾದ ಮೇಲೆ ತಿಪ್ಪಕ್ಕ ಕೆಮ್ಮಿ ಬಾಗಿಲು ತಳ್ಳಿದಳು. ಎಲೆ ಇಟ್ಟಂತೆಯೇ ಇತ್ತು. ಖಾಲಿ ಪ್ಯಾಕೆಟ್ ಮಾತ್ರ ಪಕ್ಕದಲ್ಲಿರಲಿಲ್ಲ, ಗೋಡೆಯ ಬುಡದಲ್ಲಿ, ಆ ಸಂದಿಯ ಕೆಳಗೆ ಬಿದ್ದಿತ್ತು. ಸುಧಾ ಚಿಪ್ಸನ್ನೆಲ್ಲ ಬಾಚಿಕೊಳ್ಳಲು ಹೋದಳು. "ನಾ ತಿಂತೀನವ್ವ, ನಿನಗ ಬ್ಯಾಡ."

"ಮಗನ ಎಡಿ ನಾನು ತಿನ್ನದಽ ಇದ್ರ ಹ್ಯಾಂಗ?" ತಿಪ್ಪಕ್ಕ ಒಂದನ್ನು ತೆಗೆದು ಬಾಯಿಗಿಟ್ಟಳು.

ಅಗಿಯುವುದು ನಿಂತಿತು. ತಿಂಗಳುಗಟ್ಟಲೆ ಸಪ್ಪೆ ಉಂಡ ನಾಲಿಗೆ ಅದು. ಅದಕ್ಕೆ ಯಾವ ಚೀಟಿಯೂ ಬೇಕಿರಲಿಲ್ಲ. ಎದ್ದು ಹೋಗಿ ಗೋಡೆಯ ಬುಡದ ಪ್ಯಾಕೆಟ್ ತಂದು, ಆ ಮುಷ್ಟಿಯನ್ನು ಹೆಬ್ಬೆರಳಿಂದ ಸವರಿದಳು. ತನ್ನ ಕೈಯನ್ನೂ ಒಮ್ಮೆ ಮುಷ್ಟಿ ಮಾಡಿ ನೋಡಿಕೊಂಡಳು.

"ಅವಗ ಗೊತ್ತಿತ್ತೇನ್ಲೇ ಸುಧಾ?"

ಇಲ್ಲ ಎನ್ನಬಹುದಿತ್ತು. ಒಂದು ಸುಳ್ಳು ಆಗಲೇ ಎಲೆಯ ಮೇಲೆ ಬಿದ್ದಿತ್ತು, ಇನ್ನೊಂದು ಹೇಳುವ ಧೈರ್ಯ ಬರಲಿಲ್ಲ.

"ಗೊತ್ತಿತ್ತವ್ವ. ನನಗೂ ಗೊತ್ತಿತ್ತು. ಹೇಳಿದ್ರ ನೀ ತರೂದು ಬಿಡತೀ ಅಂತ..." ಸುಧಾ ಬಿಕ್ಕಿದಳು.

ತಿಪ್ಪಕ್ಕ ಬೈಯಲಿಲ್ಲ, ಹೊಡೆಯಲೂ ಇಲ್ಲ. ತಲೆಯ ಮೇಲೆ ಸಂದಿಯಲ್ಲಿ ಚರಚರ ಎಂದಿತು. ತಿಪ್ಪಕ್ಕ ಬೆಚ್ಚಲಿಲ್ಲ. ಎಷ್ಟೋ ದಿನದಿಂದ ಕೇಳಿ ರೂಢಿಯಾದವಳ ಹಾಗೆ ನಿಧಾನಕ್ಕೆ ಸಂದಿಯತ್ತ ಮುಖವೆತ್ತಿದಳು.

"ತಿಂದಿದ್ದು ಸಾಕು ಬಿಡಪ್ಪ," ಎಂದಳು.